ಮೈದಾನ ಮುಟ್ಟುವ ಮೊದಲೇ ಮುರಿಯುವ ಬ್ಯಾಟು

ದಾವಣಗೆರೆ: ಇಲ್ಲಿನ ಹೈಸ್ಕೂಲ್ ಮೈದಾನದಲ್ಲಿ ಟೆನ್ನಿಸ್ ಬಾಲ್ ಟೂರ್ನಿ ಬಂತೆಂದರೆ ಊರಿಗೇ ಒಂದು ಕಳೆ. ಆದರೆ ಅದಕ್ಕೆ ತಿಂಗಳು ಮೊದಲೇ ಸ್ಪೋರ್ಟ್ಸ್ ಅಂಗಡಿಯವರಿಗೆ ಇನ್ನೊಂದು ಆಟ ಶುರುವಾಗುತ್ತದೆ. ಅದು ನಡೆಯುವುದು ಲಾರಿ ಆಫೀಸಿನ ಕಟ್ಟೆಯ ಮೇಲೆ. ಅಂಪೈರ್ ಇಲ್ಲ, ಥರ್ಡ್ ಅಂಪೈರಂತೂ ಮೊದಲೇ ಇಲ್ಲ. ಬಾಕ್ಸ್ ಬಿಚ್ಚಿದರೆ ಹನ್ನೆರಡು ಬ್ಯಾಟಿನಲ್ಲಿ ಒಂದರ ತಳ ಸೀಳಿದೆ, ಇನ್ನೊಂದರ ಅಂಚು ಕಿತ್ತಿದೆ. ಅಂಗಡಿಯವರು ಗುಮಾಸ್ತನ ಮುಖ ನೋಡುತ್ತಾರೆ. ಗುಮಾಸ್ತ ಹಮಾಲನ ಮುಖ ನೋಡುತ್ತಾನೆ. ಹಮಾಲ ಆಕಾಶ ನೋಡುತ್ತಾನೆ.

“ನಮ್ಗ್ ಬಂದಾಗ್ಲೇ ಹಿಂಗೇ ಇತ್ರೀ ಸಾವ್ಕಾರ್ರೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಒಂದು ಬ್ಯಾಟು ತಾನೇ, ಹೋದರೆ ಹೋಯಿತು ಎನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಎರಡೂವರೆ ಸಾವಿರಕ್ಕೆ ತರಿಸಿದ ಬ್ಯಾಟಿನ ಮೇಲೆ ಅಂಗಡಿಯವನಿಗೆ ಮುನ್ನೂರು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಮುರಿದರೆ ಎಂಟು ಬ್ಯಾಟು ಮಾರಿದ ಲಾಭ ಹೋಯಿತು. ಡಜನ್ನಿನಲ್ಲಿ ಎರಡು ಮುರಿದರೆ ಆ ಡಜನ್ನಿನ ವ್ಯಾಪಾರವೇ ನಷ್ಟ. ಗಿರಾಕಿಗೆ ಈ ಗೋಳು ಗೊತ್ತಿಲ್ಲ. “ಆನ್‌ಲೈನ್‌ನಾಗೆ ಇದಕ್ಕಿಂತ ಕಮ್ಮಿಗೆ ಐತಲ್ಲಣ್ಣಾ” ಎಂದು ಮೊಬೈಲ್ ತೋರಿಸಿ ನಡೆದುಬಿಡುತ್ತಾನೆ.

ಇದು ಅಂಗಡಿಯವರೊಬ್ಬರ ಸಮಾಚಾರವೂ ಅಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿರುವ ಮಗನಿಗೆ ಬ್ಯಾಟು ಕಳಿಸುವ ತಂದೆ, ಆಡಿ ಬಿಟ್ಟ ಬ್ಯಾಟನ್ನು ಹಾವೇರಿಯ ತಮ್ಮನಿಗೆ ಮಾರುವ ಅಣ್ಣ, ರಿಪೇರಿಗೆಂದು ಹುಬ್ಬಳ್ಳಿಗೆ ಕಳಿಸುವ ಕ್ಲಬ್ಬಿನ ಹುಡುಗರು, ಎಲ್ಲರದೂ ಒಂದೇ ಚಿಂತೆ. ಕಡಿಮೆ ಖರ್ಚಿನಲ್ಲಿ ಹೋಗಬೇಕು, ಮುರಿಯದೆ ತಲುಪಬೇಕು. ಇವೆರಡೂ ಒಟ್ಟಿಗೆ ಆಗದ ಮಾತು ಎಂದು ಬಹಳ ಮಂದಿ ನಂಬಿಕೊಂಡಿದ್ದಾರೆ. ಗಟ್ಟಿ ಪ್ಯಾಕಿಂಗ್ ಎಂದರೆ ದುಬಾರಿ, ಅಗ್ಗ ಎಂದರೆ ಹೋದಂಗೆ ಹೋಗಲಿ ಎಂಬ ಲೆಕ್ಕ. ಈ ಲೆಕ್ಕವೇ ತಪ್ಪು. ಬ್ಯಾಟಿನ ವಿಷಯದಲ್ಲಿ ಬಿಗಿಯಾಗಿ, ಚಿಕ್ಕದಾಗಿ ಕಟ್ಟಿದ ಪಾರ್ಸಲ್ಲೇ ಅಗ್ಗವೂ ಹೌದು, ಭದ್ರವೂ ಹೌದು. ದೊಡ್ಡ ಡಬ್ಬದಲ್ಲಿ ಹಾಕಿದವನು ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ಬ್ಯಾಟನ್ನೂ ಕಳೆದುಕೊಳ್ಳುತ್ತಾನೆ.

ಎಲ್ಲಿಂದ ಎಲ್ಲಿಗೆ?

ನಮ್ಮ ಅಂಗಡಿಗಳಲ್ಲಿ ನೇತುಬಿದ್ದಿರುವ ಬ್ಯಾಟುಗಳ ಊರು ಇಲ್ಲೆಲ್ಲೋ ಅಲ್ಲ. ದೇಶ ಒಡೆದಾಗ, 1947ರಲ್ಲಿ, ಸಿಯಾಲ್‌ಕೋಟಿನಿಂದ ಬಂದ ಕಸುಬುದಾರರು ಜಲಂಧರದಲ್ಲಿ, ಮೀರತ್ತಿನಲ್ಲಿ ನೆಲೆಯೂರಿದರು. ಆಟದ ಸಾಮಾನಿಗೆ ಇವತ್ತಿಗೂ ಆ ಎರಡು ಊರುಗಳೇ ದೊಡ್ಡ ಪೇಟೆ. ಇಂಗ್ಲೆಂಡಿನ ವಿಲ್ಲೋ ಮರದ ತುಂಡು ತರಿಸಿ ಬೆಲೆಬಾಳುವ ಬ್ಯಾಟು ಕೆತ್ತುವುದು ಅಲ್ಲಿ. ಕಾಶ್ಮೀರ ವಿಲ್ಲೋ ಎಂದು ನಾವು ಕರೆಯುವ ಬ್ಯಾಟಿನ ತವರು ಅನಂತನಾಗ್ ಜಿಲ್ಲೆ. ಜಮ್ಮು–ಶ್ರೀನಗರ ಹೆದ್ದಾರಿಯ ಮೇಲೆ ಸಂಗಮ್, ಬಿಜ್‌ಬೆಹಾರಾ ಆಸುಪಾಸಿನಲ್ಲಿ ರಸ್ತೆಯ ಎರಡೂ ಬದಿ ಒಣಗಲು ಪೇರಿಸಿಟ್ಟ ಮರದ ತುಂಡುಗಳೇ ಕಾಣುತ್ತವೆ. ಆ ಹೆದ್ದಾರಿಯೋ, ಹಿಮ ಬಿದ್ದರೆ ಬಂದ್, ಗುಡ್ಡ ಕುಸಿದರೆ ಬಂದ್. 2025ರ ಜೂನ್‌ನಲ್ಲಿ ಕತ್ರಾ–ಶ್ರೀನಗರ ರೈಲು ಓಡಿತು, ಆಗಸ್ಟ್‌ನಲ್ಲಿ ಅನಂತನಾಗಕ್ಕೆ ಮೊದಲ ಸರಕು ರೈಲು ಬಂತು ಎಂಬುದು ಆ ಕಡೆಯ ವ್ಯಾಪಾರಸ್ಥರಿಗೆ ಸಮಾಧಾನದ ಸುದ್ದಿ.

ಮೀರತ್ತಿನಿಂದ ಇಲ್ಲಿಗೆ ಸುಮಾರು ಎರಡು ಸಾವಿರ ಕಿಲೋಮೀಟರ್. ದಾರಿಯಲ್ಲಿ ಬಾಕ್ಸು ಒಂದು ಲಾರಿಯಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತದೆ, ಗೋಡೌನಿನಲ್ಲಿ ಮಲಗುತ್ತದೆ, ಮತ್ತೆ ಹತ್ತುತ್ತದೆ. ಬ್ಯಾಟಿಗೆ ಏಟು ಬೀಳುವುದು ಲಾರಿ ಓಡುವಾಗ ಅಲ್ಲ, ಈ ಹತ್ತಿಸಿ ಇಳಿಸುವ ಗಳಿಗೆಯಲ್ಲಿ. ಎಷ್ಟು ಕೈ ಬದಲಾಗುತ್ತದೋ ಅಷ್ಟು ಗಂಡಾಂತರ. ಹಮಾಲರನ್ನು ಬೈದು ಪ್ರಯೋಜನವಿಲ್ಲ. ದಿನಕ್ಕೆ ನೂರಾರು ಮೂಟೆ ಹೊರುವವರಿಗೆ ಯಾವುದರಲ್ಲಿ ಬ್ಯಾಟಿದೆ, ಯಾವುದರಲ್ಲಿ ಬಕೆಟ್ಟಿದೆ ಎಂದು ನೋಡಲು ಪುರಸೊತ್ತೆಲ್ಲಿ? ‘ಜೋಪಾನ’ ಎಂದು ಇಂಗ್ಲಿಷಿನಲ್ಲಿ ಕೆಂಪಗೆ ಬರೆದರೂ ಅಷ್ಟೆ, ಕನ್ನಡದಲ್ಲಿ ಬರೆದರೂ ಅಷ್ಟೆ. ಬಿದ್ದರೂ ತಡೆಯುವಂತೆ ಕಟ್ಟಬೇಕಾದವನು ಕಳಿಸುವವನೇ.

ಏಟು ಬೀಳುವುದೆಲ್ಲಿ?

ಗಂಟೆಗೆ ನೂರು ಕಿಲೋಮೀಟರ್ ವೇಗದ ಚೆಂಡನ್ನು ತಡೆಯುವ ಬ್ಯಾಟು ಮೂರಡಿ ಎತ್ತರದಿಂದ ಬಿದ್ದರೆ ಸೀಳುವುದೇಕೆ? ಕಾರಣ ಸುಲಭ. ಬ್ಯಾಟಿನ ಮುಖ ಏಟು ತಿನ್ನಲೆಂದೇ ಒತ್ತಿ ತಯಾರಾದದ್ದು. ಅದರ ತಳ ಹಾಗಲ್ಲ. ಮರದ ಎಳೆಗಳು ಹಿಡಿಕೆಯಿಂದ ತಳದವರೆಗೆ ಉದ್ದಕ್ಕೆ ಹರಿದಿರುತ್ತವೆ. ಸೌದೆ ಒಡೆಯುವವನು ಕೊರಡನ್ನು ನಿಲ್ಲಿಸಿ ತುದಿಯ ಮೇಲೆ ಕೊಡಲಿ ಹಾಕುವುದಿಲ್ಲವೇ, ಹಾಗೆಯೇ ಬ್ಯಾಟು ನೆಟ್ಟಗೆ ತಳದ ಮೇಲೆ ಬಿದ್ದರೆ ಎಳೆಯ ಗುಂಟ ಬಿರುಕು ಏಳುತ್ತದೆ. ಅದರಲ್ಲೂ ತಳದ ಎರಡು ಮೂಲೆಗಳು ಬಹಳ ನಾಜೂಕು.

ಎರಡನೆಯದು ಹಿಡಿಕೆ. ಹಿಡಿಕೆ ಬೆತ್ತದ್ದು, ಅಲಗು ವಿಲ್ಲೋ ಮರದ್ದು. ಎರಡನ್ನೂ ‘ವಿ’ ಆಕಾರದಲ್ಲಿ ಕೊರೆದು ಅಂಟು ಹಾಕಿ ಕೂರಿಸಿರುತ್ತಾರೆ. ಪಾರ್ಸಲಿನ ಎರಡು ತುದಿಗೆ ಆಸರೆ ಸಿಕ್ಕು ನಡುವೆ ಟೊಳ್ಳಿದ್ದರೆ, ಮೇಲೊಂದು ಸಕ್ಕರೆ ಮೂಟೆ ಬಿದ್ದೊಡನೆ ಭಾರವೆಲ್ಲ ಈ ಜೋಡಣೆಯ ಮೇಲೆ. ಹೊರಗೆ ಗ್ರಿಪ್ ಇರುವುದರಿಂದ ಬಿಟ್ಟುಕೊಂಡದ್ದು ಕಣ್ಣಿಗೆ ಕಾಣುವುದಿಲ್ಲ. ಮೊದಲ ಓವರಿನಲ್ಲಿ ಕೈಗೆ ಜುಂ ಎಂದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಬಿಲ್ಲು ಹರಿದು ಹಾಕಿ ಆಗಿರುತ್ತದೆ.

ಮೂರನೆಯದು ಅಂಚು. ಒಂದೇ ಬಾಕ್ಸಿನಲ್ಲಿ ಸಡಿಲವಾಗಿ ಬಿದ್ದ ಬ್ಯಾಟುಗಳು ದಾರಿಯುದ್ದಕ್ಕೂ ತಾವೇ ತಾವೇ ಗುದ್ದಾಡಿಕೊಂಡು ಬರುತ್ತವೆ. ಹೊರಗಿನವರು ಯಾರೂ ಮುಟ್ಟದಿದ್ದರೂ ಒಳಗೇ ಕುಸ್ತಿ.

ಗಾಳಿಗೂ ಬಾಡಿಗೆ

ಈಗ ದುಡ್ಡಿನ ಮಾತು. ಬ್ಯಾಟಿನ ತೂಕ ಒಂದು ಕಾಲು ಕೆಜಿ ಆಜುಬಾಜು. ಕಟ್ಟಿದ ಮೇಲೆ ಎರಡು ಕೆಜಿ ಒಳಗೇ ಇರುತ್ತದೆ. ಆದರೆ ಕೊರಿಯರ್ ಅಂಗಡಿಯವನು ಆರು ಕೆಜಿಗೆ ದುಡ್ಡು ಕೇಳಿದಾಗ ಜಗಳ ಹತ್ತುತ್ತದೆ. “ತಕ್ಕಡಿ ಸರಿ ಇಲ್ಲ ನಿಂದು” ಎಂದು ಕೂಗಾಡಿದವರೂ ಉಂಟು. ತಕ್ಕಡಿ ಸರಿಯಾಗಿಯೇ ಇದೆ. ಅವನು ಅಳೆದದ್ದು ತೂಕವನ್ನಲ್ಲ, ಜಾಗವನ್ನು.

ಡಬ್ಬದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, 5000ದಿಂದ ಭಾಗಿಸುವುದು ವಿಮಾನದಲ್ಲಿ ಸರಕು ಕಳಿಸುವ ಕೊರಿಯರ್‌ಗಳ ಸಾಮಾನ್ಯ ಪದ್ಧತಿ. ಬಂದ ಸಂಖ್ಯೆಯೇ ಕೆಜಿ. ಇದಕ್ಕೆ ವಾಲ್ಯೂಮೆಟ್ರಿಕ್ ತೂಕ ಎನ್ನುತ್ತಾರೆ. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಮೇಲೆ ಪಾಯಿಂಟು ಬಂದರೆ ಮುಂದಿನ ಅರ್ಧ ಕೆಜಿಗೋ ಒಂದು ಕೆಜಿಗೋ ಏರಿಸುವುದು ರೂಢಿ. ರಸ್ತೆಯಲ್ಲಿ ಹೋಗುವ ಸರಕಿಗೆ ಭಾಗಿಸುವ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ. ಕೇಳಿ ತಿಳಿದುಕೊಂಡೇ ಡಬ್ಬ ಕಟ್ಟುವುದು ಜಾಣತನ.

ಸಿಕ್ಕಿತೆಂದು ಯಾವುದೋ ಫ್ಯಾನಿನ ಡಬ್ಬ ಕತ್ತರಿಸಿ 105 ಸೆಂ.ಮೀ. ಉದ್ದ, 20 ಅಗಲ, 15 ಎತ್ತರದ ಪಾರ್ಸಲ್ ಮಾಡಿದಿರಿ ಎನ್ನಿ. ಗುಣಿಸಿ ಭಾಗಿಸಿದರೆ 6.3 ಕೆಜಿ. ದೊಡ್ಡವರು ಆಡುವ ಶಾರ್ಟ್ ಹ್ಯಾಂಡಲ್ ಬ್ಯಾಟು ಇರುವುದೇ ಸುಮಾರು 85–86 ಸೆಂ.ಮೀ. ಎರಡು ತುದಿಗೂ ಮೂರು ಮೂರು ಸೆಂ.ಮೀ. ಮೆತ್ತೆ ಸೇರಿಸಿ 92 ಉದ್ದ, 14 ಅಗಲ, 10 ಎತ್ತರದ ಡಬ್ಬ ಮಾಡಿದರೆ 2.6 ಕೆಜಿಗಿಂತ ಸ್ವಲ್ಪ ಕಡಿಮೆ. ಬ್ಯಾಟು ಅದೇ, ಊರು ಅದೇ. ನಡುವಿನ ಮೂರೂವರೆ ಕೆಜಿಗೂ ಮಿಕ್ಕಿದ್ದು ಬರೀ ಗಾಳಿ. ಆ ಗಾಳಿಗೆ ಬಾಡಿಗೆ ಕೊಟ್ಟದ್ದೂ ಅಲ್ಲದೆ, ಅದೇ ಗಾಳಿಯಲ್ಲಿ ಬ್ಯಾಟು ಉರುಳಾಡಿ ತಳ ಒಡೆದುಕೊಳ್ಳುತ್ತದೆ. ಇಂಥ ವ್ಯಾಪಾರ ಇನ್ನೆಲ್ಲಾದರೂ ಉಂಟೇ?

ಉದ್ದ ಗೊತ್ತಿಲ್ಲದವರಿಗೆ ಒಂದು ಮಾತು. ಕ್ರಿಕೆಟ್ ನಿಯಮದ ಪ್ರಕಾರ ಬ್ಯಾಟು 38 ಇಂಚು ಅಂದರೆ 96.5 ಸೆಂ.ಮೀ. ಮೀರುವಂತಿಲ್ಲ, ಅಗಲ ನಾಲ್ಕೂ ಕಾಲು ಇಂಚು ದಾಟುವಂತಿಲ್ಲ. 2017ರ ಅಕ್ಟೋಬರ್‌ನಿಂದ ದಪ್ಪಕ್ಕೂ ಮಿತಿ ಬಂದಿದೆ: ಬೆನ್ನಿನ ಕಡೆ 6.7 ಸೆಂ.ಮೀ., ಅಂಚು 4 ಸೆಂ.ಮೀ. ಟೆನ್ನಿಸ್ ಬಾಲ್ ಬ್ಯಾಟುಗಳಿಗೆ ಈ ಕಟ್ಟುಪಾಡು ಯಾರೂ ಕೇಳುವುದಿಲ್ಲ, ಮನಸ್ಸು ಬಂದಷ್ಟು ದಪ್ಪ ಬರುತ್ತವೆ. ಆದ್ದರಿಂದ ಅಳತೆ ಟೇಪು ಹಿಡಿಯದೆ ಡಬ್ಬ ಕೊಳ್ಳಬೇಡಿ.

ಕಟ್ಟುವ ಕಲೆ

ಚೌಕಿಪೇಟೆ, ಮಂಡಿಪೇಟೆ ಕಡೆ ದಿನಾ ಪಾರ್ಸಲ್ ಕಟ್ಟುವ ಹುಡುಗರ ಕೈ ನೋಡಬೇಕು. ಅವರು ಪುಸ್ತಕ ಓದಿ ಕಲಿತವರಲ್ಲ. ಒಡೆದ ಸಾಮಾನಿಗೆ ಸಾವ್ಕಾರ್ರಿಂದ ಬೈಸಿಕೊಂಡು ಕಲಿತವರು. ಬ್ಯಾಟಿಗೂ ಅದೇ ವಿದ್ಯೆ ಸಾಕು.

ಮೊದಲು ಬ್ಯಾಟಿನ ಮೈಗೆ ಹಳೇ ಪಂಚೆ ತುಂಡೋ, ಬಳಸದ ಕಾಗದವೋ ಸುತ್ತಬೇಕು. ಅಚ್ಚಾದ ಪೇಪರನ್ನು ಮರಕ್ಕೆ ನೇರ ಸುತ್ತಿದರೆ, ಅದರಲ್ಲೂ ಎಣ್ಣೆ ಹಚ್ಚಿದ ಬ್ಯಾಟಾದರೆ, ಮಸಿ ಹತ್ತುತ್ತದೆ. ಗಿರಾಕಿ ಹೊಸ ಬ್ಯಾಟಿನ ಮೇಲೆ ಹಳೇ ಸುದ್ದಿ ಓದಬೇಕಾದೀತು! ಅಗಸೆ ಎಣ್ಣೆ ಹಚ್ಚಿದ್ದರೆ ಒಂದೆರಡು ದಿನ ಆರಲು ಬಿಟ್ಟು, ಒರೆಸಿ, ಆಮೇಲೆ ಸುತ್ತುವುದು ಒಳ್ಳೆಯದು.

ಆಮೇಲೆ ತಳ. ಎಲ್ಲರೂ ಬಬಲ್ ಶೀಟನ್ನು ಬ್ಯಾಟಿನ ಹೊಟ್ಟೆಗೆ ಹತ್ತು ಸುತ್ತು ಸುತ್ತುತ್ತಾರೆ, ತಳವನ್ನು ಬರಿದೇ ಬಿಡುತ್ತಾರೆ. ತಲೆಗೆ ಬಿಟ್ಟು ಮೊಣಕಾಲಿಗೆ ಹೆಲ್ಮೆಟ್ ಹಾಕಿದ ಹಾಗೆ. ಮಾಡಬೇಕಾದದ್ದು ಉಲ್ಟಾ. ರಟ್ಟನ್ನು ನಾಲ್ಕೈದು ಮಡಿಕೆ ಮಡಿಚಿ ತಳಕ್ಕೊಂದು ಟೊಪ್ಪಿ ಮಾಡಿ ಟೇಪು ಹಾಕಬೇಕು. ಟೊಪ್ಪಿಯ ಒಳಗೆ ಎರಡು ಮೂಲೆಗೂ ಬಟ್ಟೆ ಚಿಂದಿ ತುರುಕಬೇಕು. ಟೈಲರ್ ಅಂಗಡಿಯಲ್ಲಿ ಕೇಳಿದರೆ ಚಿಂದಿ ಪುಕ್ಕಟೆ ಸಿಗುತ್ತದೆ, ಬಬಲ್ ಶೀಟಿಗಿಂತ ಚೆನ್ನಾಗಿ ಒತ್ತಿಕೊಂಡು ಕೂರುತ್ತದೆ. ಹಿಡಿಕೆಯ ತುದಿಗೂ ಇಂಥದೇ ಒಂದು ಚಿಕ್ಕ ಟೊಪ್ಪಿ.

ಮೂರನೆಯ ಕೆಲಸ ಹಿಡಿಕೆಯ ಸುತ್ತಲ ಟೊಳ್ಳು ತುಂಬುವುದು. ಅಲಗು ಅಗಲ, ಹಿಡಿಕೆ ಸಣ್ಣ. ಚೌಕದ ಡಬ್ಬದಲ್ಲಿ ಹಾಕಿದರೆ ಹಿಡಿಕೆಯ ಎರಡು ಪಕ್ಕ ಖಾಲಿ ಉಳಿಯುತ್ತದೆ. ಅಲ್ಲಿಗೆ ಉಂಡೆ ಮಾಡಿದ ಪೇಪರು, ಸುರುಳಿ ಸುತ್ತಿದ ರಟ್ಟು, ಏನಾದರೂ ಸರಿ, ಒತ್ತಿ ತುಂಬಬೇಕು. ಡಬ್ಬ ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಸದ್ದು ಬರಬಾರದು. ಸದ್ದು ಬಂತೋ, ಬಿಚ್ಚಿ ಮತ್ತೆ ತುಂಬಿ.

ನಮ್ಮೂರ ಮಂಡಕ್ಕಿ ತುಂಬಿದರೆ ಹೆಂಗೆ ಎಂದು ಯಾರೋ ತಮಾಷೆಗೆ ಕೇಳಿದ್ದುಂಟು. ಹಗುರ ಹೌದು, ಅಗ್ಗವೂ ಹೌದು. ಆದರೆ ಗೋಡೌನಿನ ಇಲಿಗಳಿಗೆ ಔತಣದ ಕಾಗದ ಬರೆದಂತೆ. ಭತ್ತದ ಹುಲ್ಲೂ ಬೇಡ, ತೇವ ಹಿಡಿಯುತ್ತದೆ.

ಡಬ್ಬ ಐದು ಪದರದ್ದಿರಲಿ, ಅಂಗಡಿಯಲ್ಲಿ ಫೈವ್ ಪ್ಲೈ ಎಂದು ಕೇಳಿ. ಬಿಸ್ಕತ್ತು ಡಬ್ಬದ ಮೂರು ಪದರ ಬ್ಯಾಟಿಗೆ ಸಾಲದು. ರಟ್ಟಿನೊಳಗಿನ ಅಲೆಗಳು ಬ್ಯಾಟಿನ ಉದ್ದಕ್ಕೇ ಹರಿಯುವಂತೆ ಕತ್ತರಿಸಿಕೊಂಡರೆ ಪಾರ್ಸಲು ನಡುವೆ ಬಾಗುವುದಿಲ್ಲ. ಅಡ್ಡಕ್ಕೆ ಹರಿದರೆ ಅಲೆ ಇರುವಲ್ಲೇ ಮಡಿಚಿಕೊಳ್ಳುತ್ತದೆ. ಇದು ಕಾಸು ಖರ್ಚಿಲ್ಲದ ಗುಟ್ಟು. ಇಷ್ಟಾದರೂ ಬಹಳ ಜನ ಗಮನಿಸುವುದಿಲ್ಲ.

ಎರಡು ಬ್ಯಾಟು ಕಳಿಸುವವರು ಬೇರೆ ಬೇರೆ ಕಟ್ಟಬಾರದು. ಒಂದರ ಹಿಡಿಕೆ ಕಡೆಗೆ ಇನ್ನೊಂದರ ತಳ ಬರುವಂತೆ ಉಲ್ಟಾ ಜೋಡಿಸಿ, ಬೆನ್ನು ಒಳಗೆ, ಮುಖ ಹೊರಗೆ, ನಡುವೆ ಒಂದು ರಟ್ಟು. ಒಂದರ ಉಬ್ಬು ಇನ್ನೊಂದರ ಹಿಡಿಕೆಯ ಟೊಳ್ಳಿಗೆ ಕೂರುತ್ತದೆ. 92 ಉದ್ದ, 14 ಅಗಲ, 15 ಎತ್ತರದಲ್ಲಿ ಎರಡೂ ಕೂತರೆ ಲೆಕ್ಕಕ್ಕೆ 3.9 ಕೆಜಿ. ಬೇರೆ ಬೇರೆ ಕಳಿಸಿದ್ದರೆ ಐದು ಕೆಜಿ ದಾಟುತ್ತಿತ್ತು. ಡಜನ್ ಗಟ್ಟಲೆ ಕಳಿಸುವವರೂ ಹೀಗೇ ತಲೆ-ಬುಡ, ತಲೆ-ಬುಡ ಎಂದು ಪೇರಿಸಿ, ಬಾಕ್ಸಿನ ಹೊರಗೆ ಪ್ಲಾಸ್ಟಿಕ್ ಚೀಲ ಹಾಕಿ ದಬ್ಬಳದಲ್ಲಿ ಹೊಲಿದರೆ ರಟ್ಟು ಹರಿದರೂ ಮಾಲು ಚೆಲ್ಲುವುದಿಲ್ಲ.

ಪೈಪಿನ ಉಪಾಯ

ಪ್ಲಂಬರ್ ಪೈಪಿನಲ್ಲಿ ಹಾಕಿ ಎರಡು ಕಡೆ ಮುಚ್ಚಳ ಹೊಡೆದರೆ ಮುಗಿಯಿತಲ್ಲ ಎನ್ನುವ ಬುದ್ಧಿವಂತರು ಸಿಗುತ್ತಾರೆ. ಸಿಮೆಂಟು ಅಂಗಡಿಯಲ್ಲಿ ಸಿಗುವ 110 ಮಿ.ಮೀ. ಪಿವಿಸಿ ಪೈಪಿನ ಅಳತೆ ಹೊರಗಿನದು. ಒಳಗೆ ಅದಕ್ಕಿಂತ ಕಡಿಮೆ. ಬ್ಯಾಟಿನ ಅಗಲ 108 ಮಿ.ಮೀ. ವರೆಗೆ ಇರುತ್ತದೆ. ಹೋಗುವುದಿಲ್ಲ. ಬಲವಂತವಾಗಿ ತೂರಿದರೆ ಅಂಚು ಕೀಳುತ್ತದೆ. ಅದಕ್ಕಿಂತ ದೊಡ್ಡ ಪೈಪು ತಂದರೆ ಬ್ಯಾಟಿಗಿಂತ ಪೈಪೇ ಭಾರ.

ಆದರೆ ಬೇಸ್‌ಬಾಲ್ ಬ್ಯಾಟಿಗೆ ಈ ಉಪಾಯ ನಡೆಯುತ್ತದೆ. ಅದು ದುಂಡಗೆ ಇರುತ್ತದೆ. ಅಮೆರಿಕದ ಮೇಜರ್ ಲೀಗ್ ನಿಯಮದಲ್ಲಿ ಅದರ ದಪ್ಪ 2.61 ಇಂಚು, ಅಂದರೆ 6.6 ಸೆಂ.ಮೀ. ಮೀರುವಂತಿಲ್ಲ, ಉದ್ದ 42 ಇಂಚು ದಾಟುವಂತಿಲ್ಲ. 90 ಮಿ.ಮೀ. ಪೈಪಿನಲ್ಲಿ ಮೆತ್ತೆ ಸಮೇತ ಹಿಡಿಯುತ್ತದೆ. ಆ ದೇಶದಲ್ಲಿ ಇಂಥ ಉದ್ದದ ಸಾಮಾನಿಗೆ ಮೂರು ಮೂಲೆಯ ರಟ್ಟಿನ ಕೊಳವೆ ಬಳಸುವುದುಂಟು. ದುಂಡಗಿನ ಕೊಳವೆ ಉರುಳಿ ಎಲ್ಲಿಗೋ ಹೋಗುತ್ತದೆ, ಮೂರು ಮೂಲೆಯದು ಇಟ್ಟಲ್ಲೇ ಕೂರುತ್ತದೆ, ಜಾಗವೂ ಕಡಿಮೆ. ಒಂದು ಉದ್ದದ ರಟ್ಟನ್ನು ಮೂರು ಮಡಿಕೆ ಮಾಡಿ ಟೇಪು ಸುತ್ತಿದರೆ ಇಲ್ಲಿಯೂ ಆಗುತ್ತದೆ. ಮರದ ಬೇಸ್‌ಬಾಲ್ ಬ್ಯಾಟಿನಲ್ಲಿ ನಾಜೂಕಾದದ್ದು ಸಣ್ಣಗಿನ ಹಿಡಿಕೆ. ಮೆತ್ತೆ ಅಲ್ಲಿಗೆ ಹೆಚ್ಚು ಬೇಕು. ಅಲ್ಯೂಮಿನಿಯಂನದಾದರೆ ಒಡೆಯುವುದಿಲ್ಲ, ತಗ್ಗು ಬೀಳುತ್ತದೆ. ನಮ್ಮಲ್ಲಿ ಈ ಬ್ಯಾಟು ಕೊಂಡವರಲ್ಲಿ ಎಷ್ಟು ಮಂದಿ ಮೈದಾನಕ್ಕೆ ಒಯ್ಯುತ್ತಾರೆ, ಎಷ್ಟು ಮಂದಿ ಕಾರಿನ ಸೀಟಿನಡಿ ಇಡುತ್ತಾರೆ ಎಂಬುದು ಬೇರೆ ಕತೆ. ಪಾರ್ಸಲ್ಲಿನೊಳಗೆ ಅಂಗಡಿ ಬಿಲ್ಲು ಇಟ್ಟಿದ್ದರೆ ಯಾರು ಕೇಳಿದರೂ ಉತ್ತರವಿರುತ್ತದೆ.

ಮಳೆ, ಬಿಸಿಲು

ಒಡೆಯದೆ ಕೆಡುವ ಬ್ಯಾಟುಗಳೂ ಇವೆ. ಮಳೆಗಾಲದಲ್ಲಿ ಘಟ್ಟದ ಕಡೆ ಹೋಗುವ ಪಾರ್ಸಲಿಗೆ ನೀರು ತಾಗಿದರೆ ತಳ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ತಳ ಒಣಗುವಾಗ ಬಿರಿಯುತ್ತದೆ. ಅದಕ್ಕೆಂದು ಬ್ಯಾಟಿನ ಮೈಗೇ ಪ್ಲಾಸ್ಟಿಕ್ ಬಿಗಿದು ಗಾಳಿಯಾಡದಂತೆ ಟೇಪು ಹೊಡೆಯುವುದೂ ಸರಿಯಲ್ಲ. ಒಳಗೇ ಬೆವರುತ್ತದೆ. ಒಳಗೆ ಬಟ್ಟೆ, ನಡುವೆ ರಟ್ಟು, ಪ್ಲಾಸ್ಟಿಕ್ಕು ಎಲ್ಲಕ್ಕಿಂತ ಹೊರಗೆ. ಇನ್ನು ಬೇಸಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಟ್ಟರೆ ಮರ ಒಣಗಿ ಸುಲಭವಾಗಿ ಸೀಳುತ್ತದೆ.

ಯಾವುದರಲ್ಲಿ ಕಳಿಸುವುದು?

ಒಂದೆರಡು ಬ್ಯಾಟಾದರೆ, ರಾಜ್ಯದೊಳಗಾದರೆ, ಬಸ್ಸೇ ವಾಸಿ. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಶುರು ಮಾಡಿದ ಮೇಲೆ ಬಸ್ ಸ್ಟ್ಯಾಂಡಿನಲ್ಲೇ ಬುಕಿಂಗ್ ಆಗುತ್ತದೆ. ರಾತ್ರಿ ಇಲ್ಲಿ ಹಾಕಿದ್ದು ಬೆಳಗ್ಗೆ ಬೆಂಗಳೂರಿನಲ್ಲಿ. ಒಂದೇ ಬಸ್ಸು, ಕೈ ಬದಲಾಗುವುದು ಕಡಿಮೆ. ಅದೇ ಇದರ ದೊಡ್ಡ ಲಾಭ. ತಾವೇ ಪ್ರಯಾಣ ಮಾಡುವವರಂತೂ ಜತೆಯಲ್ಲೇ ಒಯ್ಯಬಹುದು. ಟಿಕೆಟಿನ ಜತೆ ದೊಡ್ಡವರಿಗೆ 30 ಕೆಜಿ ಲಗೇಜು ಉಚಿತ. ಆದರೆ ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಮಲಗಿಸಬೇಡಿ, ಕಾವು ಹತ್ತುತ್ತದೆ.

ಅಂಚೆಯಲ್ಲಿ ಹಳ್ಳಿ ಹಳ್ಳಿಗೂ ತಲುಪುತ್ತದೆ, ವಿಮೆ ಮಾಡುವ ಸೌಲಭ್ಯವೂ ಇದೆ. ಉದ್ದದ ಮಿತಿಯನ್ನು ಕೌಂಟರಿನಲ್ಲಿ ಮೊದಲೇ ಕೇಳಿಕೊಂಡು ಕಟ್ಟುವುದು ಕ್ಷೇಮ. ವಿಮಾನದಲ್ಲಿ ಹೋಗುವವರು ಬ್ಯಾಟನ್ನು ಕೈಯಲ್ಲಿ ಹಿಡಿದು ಹತ್ತುವಂತಿಲ್ಲ. ಕ್ರಿಕೆಟ್ಟಿನದಿರಲಿ, ಬೇಸ್‌ಬಾಲಿನದಿರಲಿ, ಭದ್ರತೆಯವರು ಬಿಡುವುದಿಲ್ಲ. ಚೆಕ್-ಇನ್ ಲಗೇಜಿಗೇ ಹಾಕಬೇಕು. ಡಜನ್ ಮೇಲಾದರೆ ಲಾರಿಯೇ ಗತಿ.

ಎಲ್.ಆರ್. ಚೀಟಿಯ ಹಿಂಬದಿ

ನಮ್ಮ ವ್ಯಾಪಾರಸ್ಥರು ಎಡವುವುದು ಇಲ್ಲಿ. ಲಾರಿ ಆಫೀಸಿನಲ್ಲಿ ಎಲ್.ಆರ್. ಚೀಟಿ ಬರೆಸುವಾಗ ಮಾಲಿನ ಬೆಲೆ ಎಷ್ಟು ಎಂದು ಕೇಳಿದರೆ, “ಏನೋ ಒಂದು ಹಾಕ್ರೀ” ಎಂದುಬಿಡುತ್ತಾರೆ. ಕೆಲವರು ಬೇಕೆಂದೇ ಕಡಿಮೆ ಬರೆಸುತ್ತಾರೆ. ಆ ಒಂದು ಮಾತಿನ ಬೆಲೆ ಮಾಲು ಮುರಿದ ದಿನ ಗೊತ್ತಾಗುತ್ತದೆ.

ಬ್ರಿಟಿಷರ ಕಾಲದ 1865ರ ಕ್ಯಾರಿಯರ್ಸ್ ಆಕ್ಟ್ ತೆಗೆದುಹಾಕಿ, ರಸ್ತೆ ಸಾಗಣೆಗೆ 2007ರಲ್ಲಿ ಹೊಸ ಕಾಯ್ದೆ ಬಂತು. ಅದರ ನಿಯಮಗಳು 2011ರಲ್ಲಿ ಬಂದವು. ಅದರಂತೆ ಮಾಲು ಕಳೆದರೆ, ಕೆಟ್ಟರೆ, ಲಾರಿ ಕಂಪನಿಯ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ನೀವು ಬರೆಸಿದ ಬೆಲೆಯನ್ನು ಮೀರುವಂತಿಲ್ಲ. ಹೆಚ್ಚು ಬೇಕೆಂದರೆ ಬುಕಿಂಗ್ ಮಾಡುವಾಗಲೇ ಹೆಚ್ಚಿನ ರಿಸ್ಕ್ ದರ ಕೊಡುತ್ತೇನೆಂದು ಒಪ್ಪಿ ಬರೆಸಿರಬೇಕು.

ಈಗ ಲೆಕ್ಕ ಹಾಕಿ. ಹನ್ನೆರಡು ಬ್ಯಾಟಿನ ಬಾಕ್ಸು, ಮಾಲಿನ ಬೆಲೆ 30,000 ರೂಪಾಯಿ. ಬಾಡಿಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಬಾಕ್ಸಿಗೆ ಬಾಕ್ಸೇ ಮಾಯವಾದರೂ ಕೇಳಬಹುದಾದದ್ದು 4,000. ಉಳಿದ 26,000 ಯಾರ ತಲೆಗೆ? ಬೆಲೆ ಎರಡು ಸಾವಿರ ಎಂದು ಬರೆಸಿದ್ದರೆ ಆ ನಾಲ್ಕು ಸಾವಿರವೂ ಇಲ್ಲ, ಎರಡೇ ಸಾವಿರ. ಬಾಡಿಗೆ ಕಡಿಮೆಯಾದಷ್ಟೂ ಪರಿಹಾರವೂ ಕಡಿಮೆ ಎಂಬ ಈ ತಿರುವು ಗೊತ್ತಿಲ್ಲದೆ, ಅಗ್ಗದ ಲಾರಿ ಹುಡುಕಿ ಹೆಮ್ಮೆಪಡುವವರೇ ಪೇಟೆಯಲ್ಲಿ ಹೆಚ್ಚು. ಹಾಗೆಂದು ಎಲ್ಲ ಮಾಲಿಗೂ ರಿಸ್ಕ್ ದರ ಕಟ್ಟಬೇಕೆಂದಿಲ್ಲ. ಐನೂರು ರೂಪಾಯಿಯ ಮಕ್ಕಳ ಬ್ಯಾಟುಗಳಿಗೆ ಅದು ದಂಡ. ಹತ್ತಿಪ್ಪತ್ತು ಸಾವಿರದ ಇಂಗ್ಲಿಷ್ ವಿಲ್ಲೋ ಬ್ಯಾಟು ಒಂದಿದ್ದರೂ ಕಟ್ಟದೆ ಕಳಿಸುವುದು ಹುಂಬತನ.

50,000 ರೂಪಾಯಿ ದಾಟಿದ ಮಾಲಿಗೆ ಇ-ವೇ ಬಿಲ್ ಬೇಕೆಂಬುದು ವ್ಯಾಪಾರಸ್ಥರಿಗೆ ಹೇಳಬೇಕಾದ್ದಿಲ್ಲ. ಅದನ್ನು ತಪ್ಪಿಸಿಕೊಳ್ಳಲು ಬೆಲೆ ಇಳಿಸಿ ಬರೆಸುವ ಚಾಳಿ ಮಾತ್ರ ಎರಡು ಕಡೆಯಿಂದ ಕೊರಳಿಗೆ ಸುತ್ತಿಕೊಳ್ಳುತ್ತದೆ. ತಪಾಸಣೆಯಲ್ಲಿ ಸಿಕ್ಕಿದರೆ ದಂಡ, ಮಾಲು ಒಡೆದರೆ ಪರಿಹಾರವಿಲ್ಲ.

ಸಹಿ ಹಾಕುವ ಮುನ್ನ

ಮಾಲು ಬಂದ ದಿನ ಅವಸರ ಮಾಡಿ ಸಹಿ ಹಾಕಿ ಬಾಕ್ಸನ್ನು ಆಟೋಕ್ಕೆ ಎತ್ತುವುದೇ ರೂಢಿ. ಬಾಕ್ಸಿನ ಮೂಲೆ ಜಜ್ಜಿದ್ದರೆ, ಹೊಲಿಗೆ ಬಿಚ್ಚಿದ್ದರೆ, ಒದ್ದೆ ಕಲೆ ಇದ್ದರೆ ಲಾರಿ ಆಫೀಸಿನಲ್ಲೇ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದು, ಗುಮಾಸ್ತನ ಎದುರೇ ಬಿಚ್ಚಬೇಕು. ಒಡೆದದ್ದು ಕಂಡರೆ ಅವರ ಪುಸ್ತಕದಲ್ಲಿ “ಎರಡು ಬ್ಯಾಟಿನ ತಳ ಒಡೆದಿದೆ” ಎಂದು ಕನ್ನಡದಲ್ಲೇ ಬರೆದು ಅದರ ಕೆಳಗೆ ಸಹಿ. ಬರೀ ಸಹಿ ಹಾಕಿದಿರೋ, ಮಾಲು ಸರಿಯಾಗಿ ಮುಟ್ಟಿತು ಎಂದು ನೀವೇ ಬರೆದುಕೊಟ್ಟ ಲೆಕ್ಕ. ಕಳಿಸುವವರೂ ಡಬ್ಬ ಮುಚ್ಚುವ ಮುನ್ನ ಒಂದು ಫೋಟೋ ತೆಗೆದಿಟ್ಟರೆ “ಪ್ಯಾಕಿಂಗೇ ಸರಿ ಇರ್ಲಿಲ್ಲ” ಎಂಬ ಮಾತಿಗೆ ಉತ್ತರ ಸಿಗುತ್ತದೆ.

ಕೋರ್ಟಿಗೆ ಹೋಗುವುದಾದರೆ ಮೊದಲು ಲಾರಿ ಕಂಪನಿಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು. ಅದಕ್ಕೆ ಗಡುವು ಬುಕಿಂಗ್ ಆದ ದಿನದಿಂದ 180 ದಿನ. ಮಾಲು ಮುಟ್ಟಿದ ದಿನದಿಂದ ಅಲ್ಲ, ಬುಕಿಂಗ್ ದಿನದಿಂದ. “ಮುಂದಿನ ಸಲ ಅಡ್ಜಸ್ಟ್ ಮಾಡ್ತೀವಿ ಬಿಡ್ರೀ” ಎಂಬ ಮಾತು ನಂಬಿ ಆರು ತಿಂಗಳು ಕಾಯುವವರಿಗೆ ಆಮೇಲೆ ಬಾಯಿ ಮುಚ್ಚಿಕೊಂಡು ಬರುವುದೊಂದೇ ದಾರಿ. ಎಲ್.ಆರ್. ಚೀಟಿ, ಬಿಲ್ಲು, ಫೋಟೋ ಮೂರನ್ನೂ ಒಂದೇ ಕಡೆ ಇಟ್ಟುಕೊಂಡು ನೋಟಿಸನ್ನು ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ವಿಳಾಸವನ್ನು ಎಲ್.ಆರ್. ಚೀಟಿಯ ತಲೆಯ ಮೇಲೆ ಅಚ್ಚು ಹಾಕಿರುತ್ತಾರೆ.